ಆರತಿ ನೀರಿನ ಬಣ್ಣ

ಗೇಟಿನ ಬಳಿ ಕಾರಿನ ಹಾರ್ನ್ ಕೇಳಿ ಗೌರಮ್ಮಜ್ಜಿ ಸೀರೆ ಸರಿಮಾಡಿಕೊಳ್ಳಲು ಒಳಗೆ ಹೋದದ್ದೇ ತಡ, ವೇದಾ ಹೊಸ್ತಿಲ ಪಕ್ಕದಲ್ಲಿದ್ದ ಆರತಿ ತಟ್ಟೆಗೆ ಅರ್ಧ ನಿಂಬೆಹಣ್ಣು ಹಿಂಡಿಬಿಟ್ಟಳು.

ದಾಸವಾಳದಂತೆ ಕೆಂಪಗಿದ್ದ ನೀರು ನೋಡನೋಡುತ್ತಲೇ ಹಳದಿಯಾಯಿತು.

"ವೇದಾ ಎಂಟ್ರಿ ಕೊಟ್ರೆ ವಿಲನ್ನೇ ಕಲರ್ ಚೇಂಜ್ ಮಾಡ್ತಾನೆ. ನೀನ್ಯಾವ ಲೆಕ್ಕ?" ಎಂದು ತಟ್ಟೆಗೇ ಡೈಲಾಗ್ ಹೊಡೆದಳು.

ಹಿಂದಿನ ದಿನವಷ್ಟೇ ಶಾಂತಲಾ ಮಿಸ್ ಕ್ಲಾಸಿನಲ್ಲಿ ಇದನ್ನು ತೋರಿಸಿದ್ದರು. ಸುಣ್ಣ ಬೇಸ್. ಅದರ ಜೊತೆ ಸೇರಿದರೆ ಅರಿಸಿನ ಕೆಂಪಾಗುತ್ತದೆ. ನಿಂಬೆರಸ ಆಸಿಡ್. ಅದು ಬಂದು ಸುಣ್ಣದ ಜೋರು ಅಡಗಿಸಿದರೆ ಅರಿಸಿನ ವಾಪಸ್ ಹಳದಿ. ಬೆಳಗ್ಗೆ ಅಜ್ಜಿ ನೀರಿಗೆ ಅರಿಸಿನ, ಸುಣ್ಣ ಕಲಸುವಾಗಲೇ ವೇದಾಳ ತಲೆಯಲ್ಲಿ ಸ್ಕ್ರೀನ್‌ಪ್ಲೇ ರೆಡಿ. ಎಲ್ಲರೂ ಬಾಯಿ ಬಿಟ್ಟು ನೋಡಬೇಕು. ಆಗ ತಾನು ಚಿಟಿಕೆ ಸುಣ್ಣ ಹಾಕಿ ಮತ್ತೆ ಕೆಂಪು ಮಾಡಬೇಕು.

ಉಮೇಶ್ ಚಿಕ್ಕಪ್ಪ ಯಶವಂತಪುರ ಸ್ಟೇಷನ್ನಿನಿಂದ ಸ್ಮಿತಾ ಚಿಕ್ಕಮ್ಮನನ್ನೂ ಪಾಪುವನ್ನೂ ಕರೆತಂದಿದ್ದ. ಚಿಕ್ಕಮ್ಮನ ತವರು ವಿಜಯಪುರ. ಅಲ್ಲೇ ಹುಟ್ಟಿದ ಮೂರು ತಿಂಗಳ ಪಾಪು ಕೆಂಪಾಪುರದ ಈ ಮನೆಗೆ ಬರುತ್ತಿರುವುದು ಇದೇ ಮೊದಲು.

ದೃಷ್ಟಿ ತೆಗೆಯಲು ಅಜ್ಜಿ ತಟ್ಟೆ ಎತ್ತಿದರು. ಹಾಗೇ ನಿಂತುಬಿಟ್ಟರು.

"ಇದ್ಯಾಕಿಂಗಾಯ್ತು?" ದನಿ ಇಳಿದುಹೋಗಿತ್ತು. "ಈಗ್ತಾನೆ ಕೆಂಪ್ಗಿತ್ತಲ್ಲ."

ಬಿಸಿಲಿಗೆ ಹಾಗೆ ಕಾಣುತ್ತದೆ ಬಿಡಮ್ಮ ಎಂದ ಚಿಕ್ಕಪ್ಪ. ಅಜ್ಜಿಗೆ ಅದು ಕೇಳಿಸಲೇ ಇಲ್ಲ. ಎಷ್ಟೋ ಮದುಮಕ್ಕಳಿಗೆ, ಬಾಣಂತಿಯರಿಗೆ ಆರತಿ ಎತ್ತಿದ ಕೈ ಅದು. ನೀರು ಹೀಗೆ ಬಣ್ಣ ಬಿಟ್ಟದ್ದನ್ನು ಅವರು ಯಾವತ್ತೂ ಕಂಡಿರಲಿಲ್ಲ.

"ಮಗೀನ ಒಳಿಕ್ ಕರ್ಕೊಬ್ಯಾಡ ಉಮೇಶ. ವಸಿ ಅಲ್ಲೇ ಇರಿ. ಪೂಜಾರಪ್ಪನ್ನ ಒಂದ್ ಮಾತ್ ಕೇಳಾನ."

ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಬಂದ ಚಿಕ್ಕಮ್ಮ ಪಾಪುವಿನ ತಲೆಗೆ ಶಾಲು ಎಳೆದಳು. "ಯಾಕ್ರೀ ಅತ್ತಿ, ನನ್ನಿಂದ ಏನರ ತಪ್ಪಾತೇನ್ರಿ?"

ಪಾಪು ಅಳಲು ಶುರು ಮಾಡಿತು. ವೇದಾಳ ಸ್ಕ್ರೀನ್‌ಪ್ಲೇಯಲ್ಲಿ ಈ ಸೀನೇ ಇರಲಿಲ್ಲ.

"ಅಜ್ಜಿ, ನಾನ್ ಕಣಜ್ಜಿ. ನಾನೇ ನಿಂಬೆಹಣ್ಣು ಹಿಂಡಿದ್ದು."

"ಚಿಕ್ಕಮ್ಮನ್ ಮ್ಯಾಲೆ ಮಾತ್ ಬರ್ಬಾರ್ದು ಅಂತ ಸುಳ್ಳೇಳ್ಬ್ಯಾಡ. ಸುಮ್ಕಿರು."

ನಿಜ ಹೇಳಿದರೂ ನಂಬುತ್ತಿಲ್ಲ. ವೇದಾ ಒಳಗೆ ಓಡಿ ಎಲೆ ಅಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ತಂದಳು. ಚಿಟಿಕೆ ಸುಣ್ಣ ತೆಗೆದು ನೀರಿಗೆ ಹಾಕಿ ಬೆರಳಾಡಿಸಿದಳು.

ಏನೂ ಆಗಲಿಲ್ಲ.

ಮಿಸ್ ಹಾಕಿದ್ದು ನಾಲ್ಕೇ ಹನಿ ನಿಂಬೆರಸ, ತಾನು ಹಿಂಡಿದ್ದು ಅರ್ಧ ಹಣ್ಣು. ಅಷ್ಟು ಹುಳಿಗೆ ಈ ಸುಣ್ಣ ಎಲ್ಲಿ ಸಾಕು? ಇನ್ನೊಂದಿಷ್ಟು ಹಾಕಿದಳು. ಮತ್ತೂ ಒಂದಿಷ್ಟು. ಬೆರಳು ಹೋದ ದಾರಿಯಲ್ಲಿ ಒಂದು ಕೆಂಪು ಗೆರೆ ಎದ್ದಿತು. ಗೆರೆ ಹರಡಿ, ತಟ್ಟೆಯಿಡೀ ಕೆಂಪಾಯಿತು.

ಅಜ್ಜಿ ನೀರನ್ನು ನೋಡಿದರು. ವೇದಾಳ ಬೆರಳನ್ನು ನೋಡಿದರು. ಕೆನ್ನೆಗೆ ಏಟು ಗ್ಯಾರಂಟಿ ಎಂದುಕೊಂಡು ವೇದಾ ಕಣ್ಣು ಮುಚ್ಚಿದಳು.

"ಮೂರ್ ತಿಂಗ್ಳಿಂದ ಕಾಯ್ತಾ ಇವ್ನಿ ಕಣೆ, ಈ ಮಗೀಗೆ," ಎಂದರು ಅಜ್ಜಿ, ಅಷ್ಟೇ. ಆಮೇಲೆ, "ಕೈ ತೊಳ್ಕಂಡ್ ಬಾ. ಆ ಕಡೆ ನೀನ್ ಇಡ್ಕ."

ಆರತಿ ತಟ್ಟೆಗೆ ಇಬ್ಬರ ಕೈ ಬೇಕು. ವೇದಾ ಎದುರು ನಿಂತು ಅಂಚು ಹಿಡಿದಳು. ಚಿಕ್ಕಮ್ಮ ಶಾಲು ಸರಿಸಿ ಪಾಪುವಿನ ಮುಖ ತೋರಿಸಿದಳು.

ನೀರು ಸಣ್ಣಗೆ ನಡುಗುತ್ತಿತ್ತು. ವೇದಾ ತನ್ನ ಕೈ ನೋಡಿಕೊಂಡಳು, ಅದು ನಡುಗುತ್ತಿರಲಿಲ್ಲ. ಅಜ್ಜಿಯ ಬೆರಳು ನೋಡಿದಳು.

ತಟ್ಟೆಯ ಅಡಿಯಲ್ಲೇ ಕೈ ಸರಿಸಿ, ಆ ಬೆರಳುಗಳನ್ನೂ ಸೇರಿಸಿ ಗಟ್ಟಿಯಾಗಿ ಹಿಡಿದಳು. ಅಜ್ಜಿಯ ಕೈ ಹೋದಷ್ಟೇ ನಿಧಾನಕ್ಕೆ ತಟ್ಟೆಯನ್ನು ಸುತ್ತಿಸತೊಡಗಿದಳು.