ಟೈಮರ್ ನಿಂತಾಗಲೆಲ್ಲ

"ಪದ್ಮಶ್ರೀ ಅವ್ರೇ, ಮತ್ತೆ ನಿಂತೋಗಿದೆ ಕಣ್ರೀ."

ಫೋನಿನಲ್ಲಿ ಯಶವಂತನ ದನಿ ಕೇಳಿದಾಗ ನಾನು ಸ್ಟುಡಿಯೋದಲ್ಲಿ ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದೆ. ಕತ್ತರಿ ಆ ಮನುಷ್ಯನ ಒಂದು ಕಿವಿಯನ್ನೇ ತಿಂದುಹಾಕಿತು.

"ಅಯ್ಯೋ" ಎಂದೆ. ಬಾಯಿಗೆ ಬಂದದ್ದು ಅಯ್ಯೋ. ಒಳಗೆ ಆದದ್ದು ಬೇರೆ.

ಕೊಡಿಗೇಹಳ್ಳಿಯ ಈ ಸ್ಟುಡಿಯೋ ಬಾಲರಾಜ್ ಮಾಮನದು. ಡಿಗ್ರಿ ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಎಂದು ಬಂದು ಕೂತವಳು ನಾನು. ಯಶವಂತನ ತಂದೆ ಲಕ್ಕಣ್ಣನವರು ರಾಜಾನುಕುಂಟೆಯಲ್ಲಿ ತಮ್ಮ ಮನೆಯ ಎದುರಿನ ಸೈಟಿನಲ್ಲಿ ಮೂರಂತಸ್ತಿನ ಮನೆ ಕಟ್ಟಿಸುತ್ತಿದ್ದಾರೆ. ಪಾಯದಿಂದ ಗೃಹಪ್ರವೇಶದವರೆಗೆ ಎಲ್ಲವೂ ಎರಡು ನಿಮಿಷದ ವಿಡಿಯೋದಲ್ಲಿ ಓಡಬೇಕೆಂದು ಅವರ ಆಸೆ. ಹಾಗಾಗಿ ಹಳೇ ಮನೆಯ ತಾರಸಿಯಲ್ಲಿ, ಪೆಟ್ಟಿಗೆಯೊಳಗೆ ಒಂದು ಕ್ಯಾಮೆರಾ. ಅದರ ನೆತ್ತಿಯ ಮೇಲೆ ಸಂಕೇತ ಹಿಡಿಯುವ ರಿಸೀವರ್. ಕೆಳಗೆ ಅಡುಗೆಮನೆಯ ಕಿಟಕಿಯ ಮೊಳೆಗೆ ತೂಗುಹಾಕಿದ ವೈರ್‌ಲೆಸ್ ರಿಮೋಟ್ ಟೈಮರ್. ಐದು ನಿಮಿಷಕ್ಕೊಮ್ಮೆ 'ತೆಗೆ' ಎಂದು ಅದು ಅಲ್ಲಿಂದಲೇ ಹೇಳಿದರೆ ಮೇಲೆ ಕ್ಯಾಮೆರಾ ಕ್ಲಿಕ್ ಎನ್ನುತ್ತದೆ. ಆ ಫೋಟೋಗಳನ್ನೆಲ್ಲ ಪೋಣಿಸಿದರೆ ವಿಡಿಯೋ.

ಅದನ್ನು ಹಾಕಲು ಹೋದ ದಿನ ತಾರಸಿಯಲ್ಲಿ ಎಂಥ ಬಿಸಿಲು! ರಿಮೋಟಿನ ಪುಟ್ಟ ಪರದೆ ಕಾಣಿಸುತ್ತಲೇ ಇರಲಿಲ್ಲ. ಯಶವಂತ ತನ್ನ ಅಂಗೈಯನ್ನು ಅದರ ಮೇಲೆ ಮರೆಯಾಗಿ ಹಿಡಿದ. ಆ ನೆರಳು ಪರದೆಯ ಮೇಲೂ ನನ್ನ ಬೆರಳುಗಳ ಮೇಲೂ ಬಿತ್ತು.

"ಎರಡರಲ್ಲೂ ಚಾನೆಲ್ ನಂಬರ್ ಒಂದೇ ಇರ್ಬೇಕು" ಎಂದೆ, ಪರದೆಗೇ ಹೇಳುವವಳಂತೆ. "ಇಲ್ದಿದ್ರೆ ಇದು ಕೂಗಿದ್ದು ಅದಕ್ಕೆ ಕೇಳ್ಸಲ್ಲ."

"ನೀವು ಮಾತಾಡೋದೂ ನಂಗೆ ಸರಿಯಾಗಿ ಕೇಳ್ಸ್ತಿಲ್ಲ. ನಿಮ್ಮ ಚಾನೆಲ್ ಯಾವ್ದು?"

ನಗು ತಡೆಯಲು ತುಟಿ ಕಚ್ಚಿಕೊಂಡೆ. ಅವನು ಅದನ್ನು ನೋಡಿದ. ನೋಡಿದನೆಂದು ನನಗೆ ಗೊತ್ತಾಯಿತು. ನನಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು.

ಆಮೇಲೆ ಶುರುವಾಯಿತು ಈ ನಿಲ್ಲುವ ಕಾಯಿಲೆ. ದಿನವೂ ಒಂದಷ್ಟು ಹೊತ್ತು ಫೋಟೋಗಳೇ ಇಲ್ಲ. ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಮಧ್ಯಾಹ್ನ. ಅವನು ಫೋನ್ ಮಾಡುತ್ತಾನೆ, ನಾನು ಬಸ್ಸು ಹತ್ತಿ ಹೋಗುತ್ತೇನೆ. ನಾನು ತಲುಪುವಷ್ಟರಲ್ಲಿ ಅದು ಏನೂ ಆಗದಂತೆ ಕ್ಲಿಕ್ ಎನ್ನುತ್ತಿರುತ್ತದೆ. ಬ್ಯಾಟರಿ ಬದಲಾಯಿಸಿದೆ. ಚಾನೆಲ್ ಬದಲಾಯಿಸಿದೆ. ಕೇಬಲ್ ಬಿಚ್ಚಿ ಹಾಕಿದೆ. ಫೋಕಸ್ ಹುಡುಕುತ್ತಾ ಒದ್ದಾಡುತ್ತಿದೆಯೇನೋ ಎಂದು ಲೆನ್ಸನ್ನು ಮ್ಯಾನುಯಲ್‌ಗೆ ಹಾಕಿದೆ. ಎಲ್ಲವೂ ಸರಿಯಾಗೇ ಇತ್ತು.

ಹಾಗಾದರೆ ಯಾರೋ ನಿಲ್ಲಿಸುತ್ತಿದ್ದಾರೆ. ಯಾರು?

ಬಸ್ಸಿನ ಕಿಟಕಿಗೆ ತಲೆಯಾನಿಸಿ ನಾನು ಆ ಪ್ರಶ್ನೆಯನ್ನು ಮಿಠಾಯಿಯಂತೆ ಚೀಪುತ್ತಿದ್ದೆ. ನನ್ನನ್ನು ಕರೆಸಿಕೊಳ್ಳಲು ಅವನೇ ಸ್ಟಾಪ್ ಬಟನ್ ಒತ್ತುತ್ತಿದ್ದಾನೆ. ಬೇರೆ ಕಾರಣ ಹುಡುಕುವ ಮನಸ್ಸೇ ನನಗಿರಲಿಲ್ಲ.

ಆದರೆ ಈ ಸಲದ ಫೋನಿಗೆ ಮಾಮ ರೇಗಿದರು. "ನಾಳೆ ಬೆಳಿಗ್ಗೇನೇ ಹೋಗಿ ಏನ್ ತೊಂದ್ರೆ ಅಂತ ಕಂಡ್ಹಿಡಿ. ಆಗ್ಲಿಲ್ವಾ, ಮುಂದಿನ್ ವಾರದಿಂದ ನದೀಮ್ ಹೋಗ್ತಾನೆ."

ಕಂಡುಹಿಡಿದರೆ ಮತ್ತೆ ಹೋಗಲು ಕಾರಣವಿಲ್ಲ. ಹಿಡಿಯದಿದ್ದರೆ ಸ್ಟುಡಿಯೋದ ಇನ್ನೊಬ್ಬ ಹುಡುಗ ನದೀಮ್ ಹೋಗುತ್ತಾನೆ. ಮರುದಿನ ಬೆಳಿಗ್ಗೆ ದೊಡ್ಡಬಳ್ಳಾಪುರ ರಸ್ತೆಯುದ್ದಕ್ಕೂ ಇದನ್ನೇ ಲೆಕ್ಕ ಹಾಕುತ್ತಾ ಹೋದೆ.

ಅಂದು ಶುಕ್ರವಾರ. ಯಶವಂತ ಸೈಟಿನಲ್ಲಿದ್ದ. ನಾನು ಅಡುಗೆಮನೆಯಲ್ಲಿ ಅವನಮ್ಮ ಗಂಗರತ್ನಮ್ಮನವರ ಜೊತೆ ಅವರೆಕಾಯಿ ಸುಲಿಯುತ್ತಾ ಟೈಮರನ್ನೇ ಕಾಯುತ್ತಾ ಕೂತೆ. ಹತ್ತೂವರೆ ಆಯಿತು. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು, ಸೆರಗಿಗೆ ಕೈ ಒರೆಸಿಕೊಂಡರು, ಎದ್ದು ಹೋಗಿ ಟೈಮರಿನ ಬಟನ್ ಒತ್ತಿದರು.

"ಅಮ್ಮಾ, ಏನದು?"

"ರಾವುಕಾಲ ಕಣವ್ವಾ. ಒಸಾ ಮನೆ ಪೋಟೋನ ರಾವುಕಾಲದಾಗೆ ತೆಗೀತಾರಾ? ಗಾರೆಯೋರು ನಾ ಏಳಿದ್ರೆ ಕೆಲ್ಸ ನಿಲ್ಸಾಕಿಲ್ಲ. ಇದಾದ್ರೂ ಏಳಿದ್ ಮಾತ್ ಕೇಳ್ತೈತೆ."

"ದಿನಾ ನೀವೇನಾ?"

"ಊಂ. ಮುಗಿದ್ ಮ್ಯಾಲೆ ನಾನೇ ಆನ್ ಮಾಡ್ತೀನಲ್ಲ."

ಕೈಯಲ್ಲಿದ್ದ ಅವರೆಕಾಯಿ ಸುಲಿಯುವುದು ಹೇಗೆಂಬುದೇ ಮರೆತುಹೋಯಿತು. ಅವನಲ್ಲ. ಅವನು ಒಮ್ಮೆಯೂ ಬಟನ್ ಒತ್ತಿರಲಿಲ್ಲ. ಅವನ ಪಾಲಿಗೆ ನಾನು ಕೆಟ್ಟ ಯಂತ್ರ ನೋಡಲು ಬರುತ್ತಿದ್ದ ಸ್ಟುಡಿಯೋದವಳು, ಅಷ್ಟೇ. ಹೊರಡುತ್ತೇನೆಂದು ಎದ್ದೆ.

"ಈಗೋಗ್ಬ್ಯಾಡ ತಾಯಿ. ರಾವುಕಾಲ ಕಳೀಲಿ. ಸಾರು ಆಯ್ತದೆ, ಉಂಡ್ಕೊಂಡ್ ಓಗು."

ಅವರೆದುರು ಕೂತಿರಲಾಗದೆ ತಾರಸಿಗೆ ಹತ್ತಿದೆ. ಸ್ವಲ್ಪ ಹೊತ್ತಿಗೆ ಯಶವಂತನೂ ಬಂದ. ತೋಳಿನ ತುಂಬ ಸಿಮೆಂಟಿನ ಧೂಳು.

"ಏನಾಗಿದೆ, ಸಿಕ್ತಾ?"

"ಸಿಕ್ತು. ನಿಮ್ಮಮ್ಮ. ರಾಹುಕಾಲ." ಪೆಟ್ಟಿಗೆಯ ಕಡೆ ನೋಡುತ್ತಾ ಹೇಳಿದೆ. "ಇನ್ನು ನಾನು ಬರೋ ಅಗತ್ಯ ಇಲ್ಲ."

ಅವನು ಪ್ಯಾರಾಪೆಟ್ ಗೋಡೆಯ ಮೇಲೆ ಬೆರಳಿನಿಂದ ಧೂಳು ಗೀಚುತ್ತಾ ನಿಂತ. ಕಿವಿ ಕೆಂಪಾಗಿತ್ತು.

"ನಂಗೊತ್ತಿತ್ತು."

"ಏನು?"

"ಮೊದಲನೇ ವಾರಾನೇ ನೋಡಿದ್ದೆ, ಅಮ್ಮ ಆಫ್ ಮಾಡೋದನ್ನ."

"ಮತ್ತೆ ಫೋನ್ ಮಾಡ್ತಿದ್ರಲ್ಲ? ನಾನು ಬಸ್ಸಲ್ಲಿ ನಿಂತ್ಕೊಂಡು ಬಂದು, ಬ್ಯಾಟರಿ, ಕೇಬಲ್ಲು..."

"ಗೊತ್ತಿದ್ದೇ ಮಾಡ್ದೆ. ಬೈಕೊಳ್ಳಿ."

ಯಲಹಂಕದ ಕಡೆಯಿಂದ ವಿಮಾನವೊಂದು ಸದ್ದು ಮಾಡುತ್ತಾ ಹೋಯಿತು. ಅವನು ನನ್ನ ಮುಖ ನೋಡಿದ. ಈ ಸಲ ನಾನು ಕಣ್ಣು ತಗ್ಗಿಸಲಿಲ್ಲ.

"ಪದ್ಮಶ್ರೀ, ಒಂದ್ ಮಾತು ಹೇಳ್ಬೇಕು" ಎಂದು ಶುರುಮಾಡಿದವನು ತಟ್ಟನೆ ನಿಲ್ಲಿಸಿದ. "ಬೇಡ. ಈಗಲ್ಲ."

"ಯಾಕೆ?"

"ನಾನು ರಾಹುಕಾಲ ಗೀಹುಕಾಲ ನಂಬಲ್ಲ. ಆದ್ರೆ ಈ ವಿಷಯದಲ್ಲಿ ರಿಸ್ಕ್ ತಗೊಳ್ಳೋಕೆ ಧೈರ್ಯ ಇಲ್ಲ ಕಣ್ರೀ."

ನಾನು ನಕ್ಕೆ. ಕಣ್ಣಲ್ಲಿ ನೀರೂ ಬಂತು. ಇಬ್ಬರೂ ನೀರಿನ ಟ್ಯಾಂಕಿನ ನೆರಳಿಗೆ ಸರಿದು, ನಡುವೆ ಒಂದು ಮೊಳ ಜಾಗ ಬಿಟ್ಟು ನಿಂತೆವು. ಕೆಳಗಿಂದ ಸಾರಿನ ಒಗ್ಗರಣೆಯ ವಾಸನೆ ಬಂತು. ಬಿಸಿಲು ಏರಿತು, ಟ್ಯಾಂಕಿನ ನೆರಳು ಸಣ್ಣದಾಗುತ್ತಾ ಬಂತು. ನಾವು ಒಂದೊಂದೇ ಹೆಜ್ಜೆ ಒಳಗೆ ಸರಿಯಬೇಕಾಯಿತು. ಆ ಒಂದು ಮೊಳ ಯಾವಾಗ ಇಲ್ಲವಾಯಿತೋ ತಿಳಿಯಲಿಲ್ಲ.

ಕ್ಲಿಕ್.

ಪೆಟ್ಟಿಗೆಯೊಳಗೆ ಕ್ಯಾಮೆರಾ ಎಚ್ಚರಗೊಂಡಿತ್ತು.

"ಈಗ ಹೇಳಿ" ಎಂದೆ.