ತಿದ್ದದ ಮುಖ

"ಇದು ನನ್ನ ಮುಖ ಅಲ್ಲವೇ ಅಲ್ಲ!"

ಸ್ಟುಡಿಯೋದ ಕಂಪ್ಯೂಟರ್ ಮುಂದೆ ಅವಳು ಬಿಳಿಚಿಕೊಂಡು ನಿಂತಿದ್ದಳು. ಶಿಶುವಿಹಾರದ ಟೀಚರ್ ಅವಳು. ಗುರುತಿನ ಚೀಟಿಗೆ ಫೋಟೊ ತೆಗೆಸಲು ಬಂದಿದ್ದಳು.

"ನಿಮ್ಮದೇ ಕಣ್ರೀ," ಎಂದ ಫೋಟೋಗ್ರಾಫರ್.

"ಕೆನ್ನೆ ಸಣ್ಣ ಮಾಡಿ. ಮೂಗೂ... ನೋಡಿ, ಹೀಗೆ!" ಮೊಬೈಲನ್ನು ಅವನ ಮುಂದೆ ಹಿಡಿದಳು.

ಅದರಲ್ಲಿದ್ದ ಚೂಪು ಗಲ್ಲದ ಹುಡುಗಿಯನ್ನು ನೋಡಿ ಅವನು ಕೇಳಿಯೇಬಿಟ್ಟ. "ಇವರು ಯಾರು?"

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಎರಡು ವರ್ಷದಿಂದ ಆ್ಯಪ್ ತಿದ್ದಿಕೊಟ್ಟ ಮುಖವನ್ನೇ ಲೋಕಕ್ಕೆ ತೋರಿಸುತ್ತಿದ್ದಳು. ಈಚೆಗೆ ಕನ್ನಡಿ ಕಂಡರೂ ಹೆದರಿಕೆ!

"ನಾನು ತಿದ್ದಲ್ಲ. ನಾಳೆ ಬನ್ನಿ, ಪ್ರಿಂಟ್ ಕೊಡ್ತೀನಿ."

ಅವನ ಆ ನೇರ ಮಾತು ಅವಳಿಗೆ ಯಾಕೋ ಹಿಡಿಸಿತ್ತು. ಮರುದಿನ ಹೋದಾಗ ಪರದೆಯ ಮೇಲೆ ಅವಳದೇ ಮುಖ. ಅದನ್ನು ನೋಡುತ್ತ ಅವನೂ ಅವನ ಅಕ್ಕನೂ ಬಿದ್ದು ಬಿದ್ದು ನಗುತ್ತಿದ್ದರು.

'ನನ್ನನ್ನ ಆಡಿಕೊಳ್ತಿದ್ದಾರೆ...' ಹೊಸ್ತಿಲಿಂದಲೇ ತಿರುಗಿದಳು.

ಅಂದೇ, ಯಾವುದೋ ವಿಡಿಯೋ ನಂಬಿ, ಸಣ್ಣಗಾಗುವ ಮಾತ್ರೆ ತರಿಸಿದಳು. ಡಬ್ಬಿಯ ಮೇಲೆ ತಯಾರಿಸಿದವರ ಹೆಸರೇ ಇರಲಿಲ್ಲ. ದಿನಕ್ಕೆ ಒಂದು. ಆಮೇಲೆ ಎರಡು. ಆಮೇಲೆ ಮೂರು...

ಬಾಚಣಿಗೆಯ ತುಂಬ ಕೂದಲು. ಸುಮ್ಮನೆ ಕೂತರೂ ಎದೆ ಡವಡವ.

"ಯಾಕೇ ಹೀಗೆ ಇಳಿದುಹೋಗಿದ್ದೀಯ? ಒಂದು ತುತ್ತು ತಿನ್ನೇ," ಅಮ್ಮ ಗೋಗರೆದಳು.

"ಸ್ಕೂಲಲ್ಲೇ ತಿಂದೆ, ಅಮ್ಮಾ."

ಫೋಟೊ ಹಾಕಿದರೆ ಮುಖವಿಲ್ಲದ ನೂರಾರು ಜನ ಮೆಚ್ಚುತ್ತಿದ್ದರು. 'ಇನ್ನೂ ಸ್ವಲ್ಪ ಇಳಿಸಿದ್ರೆ ಸೂಪರ್!'

ಇನ್ನೂ ಸ್ವಲ್ಪ... ಇನ್ನೂ ಸ್ವಲ್ಪ...

ತಿಂಗಳು ಕಳೆದ ಮೇಲೆ, ಮಕ್ಕಳ ಗುಂಪು ಫೋಟೊ ತೆಗೆಯಲು ಅವನೇ ಶಾಲೆಗೆ ಬಂದ. ಕ್ಯಾಮೆರಾ ಕಂಡದ್ದೇ ತಡ, ಅವಳು ಮೆಟ್ಟಿಲು ಹತ್ತಿ ಓಡಿದಳು. ನಾಲ್ಕನೇ ಮೆಟ್ಟಿಲಿಗೆ ಕಣ್ಣು ಕತ್ತಲಿಟ್ಟಿತು.

"ಟೀಚರ್ ಬಿದ್ಬಿಟ್ರು!" ಮಕ್ಕಳು ಕಿರುಚಿದವು. ಅವನು ಕ್ಯಾಮೆರಾ ಅಲ್ಲೇ ಬಿಟ್ಟು ಓಡಿಬಂದು ಅವಳನ್ನು ಎತ್ತಿಕೊಂಡ.

ಕಣ್ಣು ಬಿಟ್ಟಾಗ ಆಸ್ಪತ್ರೆ. ಎದೆಗೆ ತಂತಿಗಳು. ವೈದ್ಯೆಯ ಕೈಯಲ್ಲಿ, ಅವಳ ಚೀಲದಲ್ಲಿ ಸಿಕ್ಕ ಅದೇ ಮಾತ್ರೆ ಡಬ್ಬಿ. "ಇನ್ನೊಂದು ವಾರ ನುಂಗಿದ್ರೆ ಹೃದಯ ನಿಂತೇಹೋಗ್ತಿತ್ತು, ತಿಳೀತಾ?"

ಅಮ್ಮ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋದಳು. ಮಂಚದ ಪಕ್ಕ ಅವನೊಬ್ಬನೇ ಉಳಿದ.

"ನೋಡಿ ನಗೋಕೆ ಬಂದ್ರಾ? ಅವತ್ತು ಸ್ಟುಡಿಯೋದಲ್ಲಿ ನನ್ನ ಫೋಟೊ ನೋಡಿ ನಕ್ಕ ಹಾಗೆ?"

"ಅವತ್ತು?" ಅವನು ಗಲಿಬಿಲಿಗೊಂಡ. ನೆನಪಾದಾಗ ಮುಖ ಬಾಡಿತು. "ಅಯ್ಯೋ... 'ಬೆಳಗ್ಗಿಂದ ಎಷ್ಟು ಸಲ ಈ ಫೋಟೊ ತೆಗೆದು ನೋಡ್ತೀಯೋ, ಮದುವೆ ಮಾತಾಡಲಾ?' ಅಂತ ಅಕ್ಕ ನನ್ನ ರೇಗಿಸ್ತಿದ್ಲು. ನಾಚಿಕೆಗೆ ನಕ್ಕೆ... ನೀವು ಬಂದಿದ್ದೇ ಗೊತ್ತಿಲ್ಲ ನನಗೆ."

ಅವಳ ಕಣ್ಣು ತುಂಬಿ ಹರಿಯಿತು. ಒಂದು ಮಾತು ಕೇಳಿದ್ದರೆ ಸಾಕಿತ್ತಲ್ಲ...

"ಈಗಲೂ ಇಷ್ಟಾನಾ? ಕೂದಲು ಉದುರಿ, ಹೀಗೆ..."

"ಇಷ್ಟ. ಭಯಾನೂ ಇದೆ. ನೀವು ಉಳೀಬೇಕು."

"ನನಗೂ ನೀವಂದ್ರೆ..." ಅವಳು ಮುಖ ತಿರುಗಿಸಿದಳು. "ಆದ್ರೆ ಮನೆಗೆ ಹೋದ್ಮೇಲೆ ಮತ್ತೆ ಅದನ್ನೇ ಮಾಡಿಬಿಡ್ತೀನೇನೋ. ಈಗಲೂ ಫೋನಿಗಾಗಿ ಕೈ ತುಡೀತಿದೆ..."

ಅವನು ಸುಳ್ಳು ಸಮಾಧಾನ ಹೇಳಲಿಲ್ಲ. ಆ ತಣ್ಣಗಿನ ಕೈ ಹಿಡಿದುಕೊಂಡ. "ಹಾಗನಿಸಿದಾಗೆಲ್ಲ ನನ್ನ ಕರೀರಿ. ಬರ್ತೀನಿ."

"ಮೊದಲು ಈ 'ರೀ' ಬಿಡ್ತೀರಾ?"

ಅಮ್ಮ ತಂದಿಟ್ಟಿದ್ದ ಬಟ್ಟಲಿಂದ ಅವನು ಒಂದು ಚಮಚ ಗಂಜಿ ಎತ್ತಿದ. "ಸರಿ... ಬಾಯಿ ತೆಗಿ."