ಬೈರೇಶನ ತೋಳಿನ ನಕ್ಷತ್ರ

"ಇದನ್ನ ಮುಚ್ಚಿಬಿಡ್ಬೇಕು ಮೇಡಂ."

ಬಾಗಿಲಲ್ಲೇ ನಿಂತು ಅವನು ಷರ್ಟಿನ ತೋಳು ಮಡಚಿದ. ಮೊಣಕೈಗಿಂತ ಸ್ವಲ್ಪ ಕೆಳಗೆ ಐದು ಮೂಲೆಯ ನಕ್ಷತ್ರ. ಪ್ರತಿ ಮೂಲೆಯೂ ಅರ್ಧ ಕಪ್ಪು, ಅರ್ಧ ಖಾಲಿ.

ಪ್ರಮೋದಾ ಟೀ ಲೋಟ ಕೆಳಗಿಟ್ಟಳು. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರ, ಹೂವಿನಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಟ್ಯಾಟೂ ಅಂಗಡಿ. ಆ ನಕ್ಷತ್ರ ಅವಳಿಗೆ ಹೊಸದೇನಲ್ಲ. ಕಾಲೇಜು ಹುಡುಗರು, ದಾಬಸ್‌ಪೇಟೆ ಫ್ಯಾಕ್ಟರಿಗಳಿಗೆ ಹೋಗುವವರು ಮೊಬೈಲಿನಲ್ಲಿ ಚಿತ್ರ ತೋರಿಸಿ ಇದೇ ಬೇಕು ಅನ್ನುತ್ತಿದ್ದರು. ನೋಡಲು ಚೆಂದ ಎಂಬುದಷ್ಟೇ ಅವರಿಗೆ ಗೊತ್ತು.

ಅದರ ಅರ್ಥ ಹೇಳುವುದು ಪ್ರಮೋದಾಳ ಅಭ್ಯಾಸ. ಹಿಂದೆ ಹಡಗಿನವರು ಧ್ರುವ ನಕ್ಷತ್ರ ನೋಡಿ ದಾರಿ ಹುಡುಕುತ್ತಿದ್ದರಂತೆ. ಸಮುದ್ರ ತಮ್ಮನ್ನು ಮರಳಿ ಮನೆಗೆ ಕಳಿಸಲಿ ಎಂದು ಅದನ್ನೇ ಮೈಮೇಲೆ ಹಾಕಿಸಿಕೊಂಡರಂತೆ... ಹೇಳುವಾಗೆಲ್ಲ ಅವಳ ಕಣ್ಣು ಎಲ್ಲೋ ದೂರಕ್ಕೆ ಜಾರುತ್ತಿತ್ತು. ಸಮುದ್ರವನ್ನು ಅವಳು ನೋಡಿದ್ದು ಮೊಬೈಲಿನಲ್ಲಿ ಮಾತ್ರ.

ಆದರೆ ಆ ನಕ್ಷತ್ರವನ್ನು ಮುಚ್ಚಿಸಲು ಬಂದವನು ಇವನೇ ಮೊದಲು.

"ಇಷ್ಟು ಚೆನ್ನಾಗಿದೆ... ಯಾಕೆ ಮುಚ್ಚಿಸ್ತೀರ?"

"ಸುಳ್ಳು ಹೇಳುತ್ತೆ ಅದು."

ಅವನ ದನಿ ಏರಲಿಲ್ಲ. ಕಣ್ಣುಗಳು ಮಾತ್ರ ತುಂಬ ದಣಿದಿದ್ದವು. ಯಾರೋ ಹುಡುಗಿ ಕೈಕೊಟ್ಟಿರಬೇಕು, ಎಂದುಕೊಂಡಳು ಪ್ರಮೋದಾ. ಯಾಕೋ ಆ ಯೋಚನೆಯೇ ಅವಳಿಗೆ ಹಿತವಾಗಲಿಲ್ಲ.

ಕೋಪದಲ್ಲೋ ದುಃಖದಲ್ಲೋ ಬಂದವರ ಮೈಮೇಲೆ ಅವಳು ಸೂಜಿ ಇಡುತ್ತಿರಲಿಲ್ಲ. ಇದನ್ನು ಮುಚ್ಚಲು ಇನ್ನೂ ದೊಡ್ಡ ಚಿತ್ರ ಬೇಕು, ಯೋಚಿಸಿ ಭಾನುವಾರ ಬನ್ನಿ ಎಂದು ಕಳಿಸಿದಳು.

ಅವನು ಭಾನುವಾರ ಬಂದ. ಚಿತ್ರ ಯಾವುದೂ ಒಪ್ಪಿಗೆಯಾಗಲಿಲ್ಲ. ಮತ್ತೊಂದು ಭಾನುವಾರವೂ ಬಂದ.

ಹೆಸರು ಬೈರೇಶ್. ಮಾಕಳಿದುರ್ಗದ ಬೆಟ್ಟದ ಕೆಳಗಿನ ಹಳ್ಳಿಯವನು. ಐಟಿಐ ಮುಗಿಸಿ, ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಫಿಟರ್ ಆಗಿದ್ದವನು. ಈಗ ಅದನ್ನು ಬಿಟ್ಟು ದಾಬಸ್‌ಪೇಟೆಯ ಗೋದಾಮೊಂದರಲ್ಲಿ ಕೆಲಸ ಹಿಡಿದಿದ್ದ. ಪ್ರಮೋದಾ ಕೇಳುತ್ತಿದ್ದಳು, ಅವನು ಹೇಳುತ್ತಿದ್ದ. ಎಂಜಿನ್ ಬಿಸಿಯಿಂದ ಮೇಲೆ ಬಂದು ನಿಂತರೆ ಸುತ್ತ ನೀರು ಬಿಟ್ಟು ಏನೂ ಇರುವುದಿಲ್ಲವಂತೆ. ಒಮ್ಮೊಮ್ಮೆ ಕತ್ತಲಲ್ಲಿ ಅಲೆಗಳೇ ನೀಲಿಯಾಗಿ ಹೊಳೆಯುತ್ತವಂತೆ. ನೆಲದ ಹಕ್ಕಿಯೊಂದು ದಾರಿ ತಪ್ಪಿ ಬಂದು ಹಡಗಿನ ಮೇಲೆ ಕೂತರೆ, ಎಲ್ಲರೂ ಅನ್ನ ಹಿಡಿದು ಅದರ ಸುತ್ತ ಸೇರುತ್ತಾರಂತೆ.

ಹಾಗೆ ಹೇಳುವಾಗ ಅವನ ಮುಖದ ದಣಿವು ಕರಗುತ್ತಿತ್ತು. ಅವಳ ಪೆನ್ಸಿಲ್ ಕಾಗದದ ಮೇಲೆಯೇ ನಿಂತುಹೋಗುತ್ತಿತ್ತು. 'ಈ ಚಿತ್ರ ಯಾವತ್ತೂ ಮುಗಿಯದಿದ್ದರೆ...' ಎನಿಸಿ, ತನಗೆ ತಾನೇ ನಾಚಿಕೊಂಡು ತಲೆ ತಗ್ಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಹೂವಿನಂಗಡಿಯ ಮುನಿರತ್ನಮ್ಮ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವರದೂ ಬೈರೇಶನ ಊರೇ. ಹುಡುಗನಿಗೆ ಹೊಸಕೋಟೆ ಕಡೆ ಹೆಣ್ಣು ಗೊತ್ತಾಗಿದೆಯಂತೆ ಎಂದರು. ಕೈಮೇಲೆ ಆ ಹಡಗಿನವರ ನಕ್ಷತ್ರ ಕಾಣಬಾರದು, ಮುಚ್ಚಿಸಲಿ ಎಂದು ಹೆಣ್ಣಿನ ಕಡೆಯವರು ಹೇಳಿದ್ದಾರಂತೆ.

ಮಲ್ಲಿಗೆ ಮೊಗ್ಗು ಕಟ್ಟುತ್ತಲೇ ಅವರು ಮಾತು ಮುಂದುವರಿಸಿದರು. ಪ್ರಮೋದಾಳಿಗೆ ಮುಂದಿನದು ಕೇಳಿಸಲಿಲ್ಲ. ಮೆಟ್ಟಿಲು ಹತ್ತಿ ಬಂದು ಬಾಗಿಲು ಹಾಕಿಕೊಂಡಳು.

ಇದಕ್ಕಾ ಇಷ್ಟೆಲ್ಲ? ಇನ್ನೊಬ್ಬಳಿಗಾಗಿ ಮುಚ್ಚಿಸಿಕೊಳ್ಳುವವನ ಎದುರು ಕೂತು ನಾನು ಸಮುದ್ರದ ಕನಸು ಕಾಣುತ್ತಿದ್ದೆನಾ...

ಅಂದೇ ಚಿತ್ರ ಮುಗಿಸಿದಳು. ದಟ್ಟ ಗರಿಗಳ ಒಂದು ಗರುಡ. ಅದರಡಿಯಲ್ಲಿ ನಕ್ಷತ್ರದ ಗುರುತೂ ಉಳಿಯುತ್ತಿರಲಿಲ್ಲ.

ಬೈರೇಶ್ ಬಂದಾಗ ಅವಳು ಗರುಡವನ್ನು ತೋರಿಸಿದಳು. ಅವನು ಆಗಲಿ ಎಂದ. ಗ್ಲೌಸ್ ಹಾಕಿಕೊಂಡಳು. ತೋಳು ಒರೆಸಿ, ಗರುಡದ ಅಚ್ಚುಕಾಗದವನ್ನು ನಕ್ಷತ್ರದ ಮೇಲೆ ಒತ್ತಿ ತೆಗೆದಳು, ನೇರಳೆ ಗೆರೆಗಳು ಮೂಡಿದವು. ಮಷೀನು ಗುಂಯ್ಗುಟ್ಟಿತು. ಅವನು ಮುಖ ಅತ್ತ ತಿರುಗಿಸಿ ಕಣ್ಣು ಮುಚ್ಚಿಕೊಂಡ.

ಸೂಜಿ ಇನ್ನೂ ತಾಗಿರಲಿಲ್ಲ. ಅವನು ತೋಳನ್ನು ಹಿಂದಕ್ಕೆ ಎಳೆದುಕೊಂಡ.

ಅವಳು ಮಷೀನು ನಿಲ್ಲಿಸಿದಳು. "ನೋವಾಗುತ್ತೆ ಅಂತ ಭಯಾನಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಹೇಳಿದ. ಮೊದಲ ಸಲ ಹಡಗಿನಿಂದ ಬಂದಾಗ ಈ ನಕ್ಷತ್ರ ನೋಡಿ ಅವನ ತಾಯಿ ಅಮ್ಮಯಮ್ಮ ಬೈದಿದ್ದರಂತೆ. ಅರ್ಥ ತಿಳಿದ ಮೇಲೆ ಸುಮ್ಮನಾದರು. ಅಂದಿನಿಂದ, ಅವನು ರಜೆಗೆ ಬಂದಾಗೆಲ್ಲ, ಎದುರು ಕೂರಿಸಿಕೊಂಡು ಆ ನಕ್ಷತ್ರಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದರು. ನನ್ನ ಮಗನನ್ನು ಕರೆದುಕೊಂಡು ಬರೋದು ಇದೇ ಎನ್ನುತ್ತಿದ್ದರು.

"ಅಮ್ಮ ಹೋದಾಗ ನಾನು ನಡುನೀರಲ್ಲಿದ್ದೆ. ಹಡಗು ತಿರುಗಿಸೋಕಾಗುತ್ತಾ? ಊರಿಗೆ ಬರೋ ಹೊತ್ಗೆ ತಿಥಿನೂ ಮುಗಿದಿತ್ತು. ಇದೇನು ಕರ್ಕೊಂಡು ಬಂದಿದ್ದು ನನ್ನ..."

ಪ್ರಮೋದಾ ಮಷೀನು ಪಕ್ಕಕ್ಕಿಟ್ಟಳು. ಗ್ಲೌಸ್ ತೆಗೆದಳು. ಅವನ ತೋಳಿನ ಮೇಲಿನ ನೇರಳೆ ಬಣ್ಣದ ಗರುಡವನ್ನು ಒದ್ದೆ ಹತ್ತಿಯಿಂದ ಒರೆಸತೊಡಗಿದಳು. ಒಂದೊಂದೇ ಗರಿ ಅಳಿಸಿಹೋಯಿತು. ಅಡಿಯಲ್ಲಿ ನಕ್ಷತ್ರ ಹಾಗೇ ಇತ್ತು.

"ಅಮ್ಮ ಎಣ್ಣೆ ಹಚ್ಚಿದ ಜಾಗ ಇದು. ಇದರ ಮೇಲೆ ನಾನು ಸೂಜಿ ಇಡಲ್ಲ, ಬೈರೇಶ್. ಬೇರೆಯವರ ಹತ್ರ ಹೋಗ್ತೀನಿ ಅಂದ್ರೂ ಬಿಡಲ್ಲ."

ಅವನು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತ. ತಾಯಿ ಹೋದ ಮೇಲೆ ಯಾರ ಮುಂದೆಯೂ ಅತ್ತಿರದ ಅಳು ಅದು. ಅವಳು ಪಕ್ಕದಲ್ಲಿ ಕೂತಿದ್ದಳು. ಕಿಟಕಿಯಿಂದ ಸಂಜೆಯ ಬಿಸಿಲು ಅವರಿಬ್ಬರ ಪಾದಗಳ ಮೇಲೆ ಬಿದ್ದಿತ್ತು.

ಅಳು ಇಳಿದ ಮೇಲೆ, ನೆಲ ನೋಡುತ್ತಲೇ ಅವಳು ಕೇಳಿದಳು. "ಹೊಸಕೋಟೆ ಹುಡುಗಿಗೆ ಏನಂತ ಹೇಳ್ತೀರ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸೋದರತ್ತೆ ನೋಡಿದ್ದ ಸಂಬಂಧವಂತೆ ಅದು. ಅವನು ಹೆಣ್ಣು ನೋಡಲು ಹೋಗಲೇ ಇಲ್ಲವಂತೆ.

"ಯಾಕೆ?"

"ಅವ್ರು ಬರೋಕೆ ಹೇಳಿದ್ದು ಭಾನುವಾರ. ಭಾನುವಾರ ನಾನು ಇಲ್ಲಿಗೆ ಬರ್ಬೇಕಿತ್ತಲ್ಲ."

ಪ್ರಮೋದಾಳ ಎದೆಯಲ್ಲಿ ಏನೋ ಹಗುರಾಗಿ ಮೇಲೆದ್ದಿತು. ಅವಳು ನಕ್ಕಳು. ಕಣ್ಣಲ್ಲಿ ನೀರಿತ್ತು.

ಹಡಗಿನ ಕಂಪನಿಯಿಂದ ಮತ್ತೆ ಕರೆ ಬಂದಿದೆ, ಹೋಗಲು ಮನಸ್ಸಾಗುತ್ತಿಲ್ಲ ಎಂದ ಅವನು. ಗೋದಾಮಿನ ಮಾತಾಡುವಾಗ ಅವನ ಮುಖ ಹೇಗಿರುತ್ತದೆ, ನೀರಿನ ಮಾತಾಡುವಾಗ ಹೇಗಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅವನು ಇಲ್ಲೇ ಇರಲಿ ಎಂದು ಮನಸ್ಸು ಬೇಡುತ್ತಿದ್ದರೂ, ಹೋಗಿಬನ್ನಿ ಎಂದಳು.

"ಬರೋದು ಯಾರಿಗೋಸ್ಕರ, ಪ್ರಮೋದಾ?"

"ನನಗೋಸ್ಕರ ಬನ್ನಿ."

ಅವನು ಹೋದ ಮೇಲೆ ಬಿಡುವಿದ್ದಾಗೆಲ್ಲ ಅವಳು ಅವನ ಹಳ್ಳಿಗೆ ಹೋಗಿಬರತೊಡಗಿದಳು. ಬೈರೇಶನ ಅಣ್ಣ ಅತ್ತಿಗೆಯ ಜೊತೆಗಿದ್ದ ತಂದೆ ಗೋಪಾಲಪ್ಪ ಮೊದಮೊದಲು ಯಾರಮ್ಮ ನೀನು ಎಂಬಂತೆ ನೋಡುತ್ತಿದ್ದರು. ಬರಬರುತ್ತಾ ಅವಳಿಗೆಂದೇ ಸೀಬೆಹಣ್ಣು ಎತ್ತಿಡತೊಡಗಿದರು. ಹಡಗು ಯಾವುದೋ ಬಂದರು ಮುಟ್ಟಿ ಬೈರೇಶನ ವಿಡಿಯೋ ಕಾಲ್ ಬಂದರೆ, ಮುದುಕರಿಗೂ ಅವಳಿಗೂ ಒಂದೇ ಮೊಬೈಲು. ಅಪ್ಪ ಬೆಳೆಯ ಸುದ್ದಿ ಹೇಳಿ ಎದ್ದುಹೋದ ಮೇಲೆ ಇಬ್ಬರ ಮಾತು ಮುಂದುವರಿಯುತ್ತಿತ್ತು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಅವನು ಬರುವ ದಿನ ದೇವನಹಳ್ಳಿಯ ಏರ್‌ಪೋರ್ಟಿನಲ್ಲಿ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಗಾಜಿನ ಬಾಗಿಲು ತೆರೆದಾಗಲೆಲ್ಲ, ಗೋಪಾಲಪ್ಪನವರ ಪಕ್ಕ ನಿಂತಿದ್ದ ಪ್ರಮೋದಾ ತುದಿಗಾಲಲ್ಲಿ ಇಣುಕುತ್ತಿದ್ದಳು. ಕೊನೆಗೆ ಬಂದ, ಕಪ್ಪಾಗಿ, ಬಡಕಲಾಗಿ, ನಗುತ್ತಾ.

"ಅಪ್ಪ, ನೀವ್ಯಾಕೆ ಇಷ್ಟು ದೂರ ಬರೋಕ್ಹೋದ್ರಿ?"

"ನಂಗೇನು ದಾರಿ ಗೊತ್ತಿತ್ತಾ? ಸೊಸೆ ಕರ್ಕೊಂಡು ಬಂದ್ಲು," ಎಂದು ಹೇಳಿ ಗೋಪಾಲಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು.

ಇಬ್ಬರೂ ಅಲ್ಲೇ ನಿಂತುಬಿಟ್ಟರು.

"ಅಪ್ಪ ಏನಂದ್ರು, ಕೇಳಿಸ್ತಾ?"

"ಕೇಳಿಸ್ತು."

"ನೀನೇನಂತೀಯ?"

"ಮನೆಗೆ ನಡಿ. ಹೇಳ್ತೀನಿ."

"ಇಲ್ಲೇ ಹೇಳು ಪ್ರಮೋದಾ. ತುಂಬ ದೂರದಿಂದ ಬಂದಿದೀನಿ."

ಅವಳು ಅವನ ಬ್ಯಾಗಿನ ಒಂದು ಕಡೆಯ ಹಿಡಿಯನ್ನು ತಾನು ಹಿಡಿದುಕೊಂಡಳು.

"ಹ್ಞೂಂ," ಎಂದಳು.